ಹಳೆ ಆಟಿಕೆ ರೈಲಿಗೆ ಹುಳುಕು ಹಿಡಿದರೆ

1930ರ ದಶಕದ ಹಾರ್ನ್‌ಬಿ ಆಟಿಕೆ ರೈಲು ಕೈಗೆ ಸಿಕ್ಕರೆ ನಾವೆಲ್ಲ ಮೊದಲು ನೋಡುವುದು ಬಣ್ಣವನ್ನು. ಪಳಗಿದವರು ಹಾಗಲ್ಲ. ಎಂಜಿನ್ ಮಗುಚಿ, ಭೂತಕನ್ನಡಿ ಹಿಡಿದು ಚಕ್ರ ನೋಡುತ್ತಾರೆ. ಅಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಚೌಕಾಸಿ ಶುರು. ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ, ಅದೇ ಕಥೆ.

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿಯವರ ಮೆಕ್ಯಾನೊ ಕಂಪನಿ 1920ರಲ್ಲಿ ಈ ರೈಲುಗಳನ್ನು ಮಾರುಕಟ್ಟೆಗೆ ತಂದಿತು. ಕೀ ಕೊಟ್ಟರೆ ಓಡುತ್ತಿದ್ದವು. ಹಳಿಗಳ ನಡುವೆ 32 ಮಿಲಿಮೀಟರ್ ಅಂತರ, ಮೈ ಪೂರ್ತಿ ತಗಡು. ತಗಡಿನ ತುಕ್ಕು ಕಣ್ಣಿಗೆ ಕಾಣುತ್ತದೆ, ತಡೆಯಲೂ ಬರುತ್ತದೆ. ಆದರೆ ಮುಂದೆ ಚಕ್ರಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯತೊಡಗಿದರು. ಹುಳುಕು ಇರುವುದು ಅಲ್ಲಿ.

ಸತುವಿನ ಅದಿರೂ ಸೀಸದ ಅದಿರೂ ನೆಲದೊಳಗೆ ಹೆಚ್ಚಾಗಿ ಜೊತೆಗೇ ಸಿಗುತ್ತವೆ. ಹಾಗಾಗಿ ಚೆನ್ನಾಗಿ ಶುದ್ಧ ಮಾಡದ ಸತುವಿನಲ್ಲಿ ಸೀಸ ಉಳಿದುಬಿಡುತ್ತದೆ. ಎಷ್ಟಿದ್ದರೆ ಅಪಾಯ? ಇವತ್ತು ಒಂದು ಕ್ವಿಂಟಾಲ್ ಎರಕದಲ್ಲಿ 5 ಗ್ರಾಂಗಿಂತ ಜಾಸ್ತಿ ಸೀಸ ಇರಬಾರದು ಅಂತಾರೆ. ಅಷ್ಟೇ! ಕರಗಿದ ಲೋಹ ಆರುವಾಗ ಸಣ್ಣ ಸಣ್ಣ ಹರಳುಗಳಾಗಿ ಗಟ್ಟಿಯಾಗುತ್ತದೆ. ಗಟ್ಟಿ ಸತುವಿನಲ್ಲಿ ಸೀಸ ಬೆರೆಯುವುದಿಲ್ಲ. ಹರಳುಗಳು ಅದನ್ನು ಹೊರಕ್ಕೆ ತಳ್ಳುತ್ತವೆ, ಅದು ಹೋಗಿ ಸಂದುಗಳಲ್ಲಿ ಕೂರುತ್ತದೆ. ಗಾಳಿಯ ತೇವ ತಾಗಿದಾಗ ಲೋಹ ಸವೆಯುವುದು ಈ ಸಂದುಗಳ ಉದ್ದಕ್ಕೇ. ಸವೆದು ಹುಟ್ಟುವ ಪದಾರ್ಥಕ್ಕೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಚಕ್ರ ಉಬ್ಬುತ್ತದೆ, ಬಿರಿಯುತ್ತದೆ, ಕೊನೆಗೆ ಹಳಸಿದ ಬಿಸ್ಕತ್ತಿನಂತೆ ಉದುರುತ್ತದೆ. ಸೆಕೆ, ತೇವ ಎರಡೂ ಸೇರಿದರೆ ಇದೆಲ್ಲ ಇನ್ನೂ ಬೇಗ.

ಇಂಗ್ಲಿಷಿನಲ್ಲಿ ಇದಕ್ಕೆ ‘ಜಿಂಕ್ ಪೆಸ್ಟ್’, ಅಂದರೆ ಸತುವಿನ ಪಿಡುಗು ಎನ್ನುತ್ತಾರೆ. ಹೆಸರು ಕೇಳಿ ಹೆದರಿ, ಪಕ್ಕದ ಬೋಗಿಗೂ ಅಂಟೀತು ಅಂತ ಬೇರೆ ಪೆಟ್ಟಿಗೆಗೆ ಹಾಕುವವರಿದ್ದಾರೆ. ಸುಮ್ನೆ ಭಯ. ಇದು ಹುಟ್ಟಿನಿಂದಲೇ ಬಂದ ದೋಷ, ಅಂಟುರೋಗವಲ್ಲ. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ ಶೇ. 99.99 ಶುದ್ಧ ಸತುವಿನಿಂದ ‘ಜಮಾಕ್’ ಮಿಶ್ರಲೋಹ ಮಾಡಿ ದಾರಿ ತೋರಿಸಿತು. ಆದರೂ ಆಮೇಲಿನ ಎಷ್ಟೋ ಆಟಿಕೆಗಳಲ್ಲಿ ಹುಳುಕು ಕಾಣಿಸಿಕೊಂಡಿದೆ. ಒಳ್ಳೆ ಸತು ತಂದರೆ ಸಾಲದು, ಕರಗಿಸುವ ಪಾತ್ರೆಗೆ ಸೀಸದ ಚೂರು ಬೀಳದಂತೆಯೂ ನೋಡಿಕೊಳ್ಳಬೇಕು, ಅಲ್ವಾ?

ಹುಳುಕು ಹಿಡಿದ ಎರಕಕ್ಕೆ ಔಷಧಿಯಿಲ್ಲ. ಅಂಟು ಹಾಕಿದರೂ ಒಳಗಿನ ಸವೆತ ನಿಲ್ಲುವುದಿಲ್ಲ. ಚಕ್ರವನ್ನು ಜೋಪಾನವಾಗಿ ಅಚ್ಚಿನಿಂದ ಬಿಡಿಸಿ ಹೊಸದು ಹಾಕುವುದೊಂದೇ ದಾರಿ. ಹಳೆ ಬಣ್ಣವನ್ನು ಮಾತ್ರ ಒಣ ಮರಳು ಕಾಗದದಿಂದ ಉಜ್ಜಬೇಡಿ. ಆ ಕಾಲದ ಬಣ್ಣದಲ್ಲೂ ಸೀಸ ಇರಬಹುದು, ಅದರ ಧೂಳು ಉಸಿರಿಗೆ ಹೋಗಬಾರದು. ಅಲ್ಲದೆ ಗೀರು ಬಿದ್ದ ಮೂಲ ಬಣ್ಣಕ್ಕೆ ಇರುವ ಬೆಲೆ ಮಿರಮಿರ ಮಿಂಚುವ ಹೊಸ ಬಣ್ಣಕ್ಕಿಲ್ಲ.