ಪುಸ್ತಕದ ಲೆಕ್ಕವೂ ಮುನ್ನಂದಾಜಿನ ಲೆಕ್ಕವೂ ತಾಳೆಯಾಗಬೇಕಾದರೆ

ಝೋಹೋ ಬುಕ್ಸ್ ಎಂಬ ಲೆಕ್ಕದ ತಂತ್ರಾಂಶದಲ್ಲಿ ಬರೆದ ಲೆಕ್ಕ ನಮ್ಮ ಬಜೆಟ್ ಮತ್ತು ಮುನ್ನಂದಾಜಿನ ತಂತ್ರಾಂಶಕ್ಕೆ ತಾನಾಗಿಯೇ ಹೋಗಿ ಸೇರುತ್ತದೆಯೇ ಎಂದು ಕಾರ್ಖಾನೆಗಳ ಮಾಲೀಕರು ನನ್ನನ್ನು ಮೇಲಿಂದ ಮೇಲೆ ಕೇಳುತ್ತಾರೆ. ಸೇರುತ್ತದೆ. ಎರಡೂ ಕ್ಲೌಡ್‌ನಲ್ಲಿಯೇ ಇರುವುದರಿಂದ ಎಪಿಐ, ಅಂದರೆ ತಂತ್ರಾಂಶಗಳು ಪರಸ್ಪರ ಮಾತಾಡುವ ದಾರಿಯ ಮೂಲಕ ಒಂದರ ಅಂಕಿಗಳನ್ನು ಇನ್ನೊಂದು ಎಳೆದುಕೊಳ್ಳುವಂತೆ ಮಾಡುವುದು ಅನುಭವಸ್ಥರಿಗೆ ಒಂದೆರಡು ದಿನದ ಕೆಲಸ. ಆದರೆ ಯಾವ ಖಾತೆ ಯಾವ ಸಾಲಿಗೆ ಹೋಗಬೇಕು, ಯಾವುದು ಹೋಗಲೇಬಾರದು, ಹೋದದ್ದು ಪೂರ್ತಿಯಾಗಿ ಹೋಗಿದೆಯೇ ಎಂದು ಪ್ರತಿ ತಿಂಗಳು ಯಾರು ತಾಳೆ ನೋಡಬೇಕು ಎಂಬುದನ್ನು ಇತ್ಯರ್ಥ ಮಾಡಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಬೆಂಗಳೂರಿನ ಪೀಣ್ಯ ಮತ್ತು ಬೊಮ್ಮಸಂದ್ರದ ಮಧ್ಯಮ ಗಾತ್ರದ ಕಾರ್ಖಾನೆಗಳಿಗೆ ಈ ಕೆಲಸ ಮಾಡಿಕೊಡುತ್ತಿರುವ ಲೆಕ್ಕಪರಿಶೋಧಕನಾದ ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಆ ಮೂರು ವಾರವನ್ನು ಮೂರು ದಿನಕ್ಕೆ ಇಳಿಸಿದ್ದರಿಂದ.

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಪೀಣ್ಯದ ಒಂದು ಘಟಕದ ಸಂಗತಿಯನ್ನು ಹೇಳಬೇಕು. ಅಲ್ಲಿ ಜೋಡಣೆಯನ್ನು ಮಾಡಿದವನು ನಾನೇ. ಏಪ್ರಿಲ್, ಮೇ ತಿಂಗಳ ಅಂಕಿಗಳು ಸರಿಯಾಗಿ ಬಂದವು. ಜೂನ್‌ನಲ್ಲಿ ಹೀಟ್ ಟ್ರೀಟ್‌ಮೆಂಟ್ (ಲೋಹವನ್ನು ಕಾಯಿಸಿ ಹದ ಮಾಡುವ) ಕೆಲಸವನ್ನು ಹೊರಗೆ ಕೊಡಲು ಆರಂಭಿಸಿದರು. ಅದಕ್ಕಾಗಿ ಅಕೌಂಟೆಂಟ್ ಮೇಡಂ ಹೊಸ ಲೆಡ್ಜರ್ (ಖಾತೆ) ಒಂದನ್ನು ತೆರೆದು, ಜಾಬ್ ವರ್ಕ್ ಬಿಲ್ಲುಗಳನ್ನೆಲ್ಲ ಅದಕ್ಕೆ ಬರೆಯತೊಡಗಿದರು. ಪುಸ್ತಕದ ಮಟ್ಟಿಗೆ ಅದು ಅಚ್ಚುಕಟ್ಟಾದ ಕೆಲಸ. ಆದರೆ ಎರಡು ತಂತ್ರಾಂಶಗಳ ಖಾತೆಗಳನ್ನು ಹೊಂದಿಸುವ ಪಟ್ಟಿಯಲ್ಲಿ ಆ ಲೆಡ್ಜರ್ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಖಾತೆ ಬಂದರೆ ಕೆಲಸ ನಿಲ್ಲಿಸು ಎಂದು ನಾನು ಹೇಳಿರಲಿಲ್ಲವಾದ್ದರಿಂದ ಜೋಡಣೆ ಅದನ್ನು ಬಿಟ್ಟು ಮುಂದೆ ಹೋಯಿತು. ಮೂರು ತಿಂಗಳು ತೆರೆಯ ಮೇಲೆ ಲಾಭದ ಪ್ರಮಾಣ ಏರುತ್ತಲೇ ಇತ್ತು. ಅದನ್ನು ನಂಬಿ ಮಾಲೀಕರು ಹೊಸ ಯಂತ್ರಕ್ಕೆ ಮುಂಗಡ ಕೊಡುವ ಮಾತಿನಲ್ಲಿದ್ದರು. "ಸರ್, ಪುಸ್ತಕದಲ್ಲಿ ಖರ್ಚು ಇದೆ, ನಿಮ್ಮ ತೆರೆಯಲ್ಲಿ ಇಲ್ಲ" ಎಂದು ಮೇಡಂ ಫೋನ್ ಮಾಡಿ ಹೇಳದೆ ಇದ್ದಿದ್ದರೆ ಆ ಮುಂಗಡ ಹೋಗಿಯೇ ಬಿಡುತ್ತಿತ್ತು.

ಆಮೇಲೆ ನಾನು ಮಾಡುವ ಪ್ರತಿಯೊಂದು ಜೋಡಣೆಯಲ್ಲೂ 'ಹೊಂದಿಸದ ಖಾತೆಗಳು' ಎಂಬ ಒಂದು ಸಾಲನ್ನು ಇಡುತ್ತೇನೆ. ಪಟ್ಟಿಯಲ್ಲಿಲ್ಲದ ಯಾವ ಲೆಡ್ಜರ್ ಬಂದರೂ ಅದರ ಮೊತ್ತ ಆ ಸಾಲಿಗೆ ಬೀಳುತ್ತದೆ. ಹೀಗಾದರೆ ಖರ್ಚು ತಪ್ಪು ತಲೆಬರಹದ ಅಡಿಯಲ್ಲಿ ಇರಬಹುದೇ ಹೊರತು ಕಾಣೆಯಾಗುವುದಿಲ್ಲ, ಒಟ್ಟು ಲಾಭವೂ ಪುಸ್ತಕದ ಲಾಭಕ್ಕೆ ಸಮನಾಗಿಯೇ ಉಳಿಯುತ್ತದೆ. ಆ ಸಾಲಿನಲ್ಲಿ ಒಂದು ರೂಪಾಯಿ ಇದ್ದರೂ ಆ ತಿಂಗಳ ಅಂಕಿಯನ್ನು ಅಂತಿಮವೆಂದು ಒಪ್ಪಬಾರದು.

ಇನ್ನು ಪುಸ್ತಕದಲ್ಲಿರುವ ನಾನೂರು ಲೆಡ್ಜರುಗಳನ್ನೂ ಹಾಗೆಯೇ ಮುನ್ನಂದಾಜಿಗೆ ತರಬೇಕೆಂದು ಕೆಲವರು ಹಟ ಹಿಡಿಯುತ್ತಾರೆ. ನಾನು ಒಪ್ಪುವುದಿಲ್ಲ. ಮುಂದಿನ ಹನ್ನೆರಡು ತಿಂಗಳಿಗೆ ಅಂಚೆ ವೆಚ್ಚವನ್ನೂ ಕೊರಿಯರ್ ವೆಚ್ಚವನ್ನೂ ಬೇರೆ ಬೇರೆ ಅಂದಾಜು ಮಾಡುವವರು ಯಾರೂ ಇಲ್ಲ. ಐವತ್ತು ಅರವತ್ತು ಸಾಲುಗಳು ಸಾಕು. ಯಾರಾದರೂ ಕುಳಿತು ನಿರ್ಧಾರ ತೆಗೆದುಕೊಳ್ಳುವ ಸಾಲು ಮಾತ್ರ ಪ್ರತ್ಯೇಕವಾಗಿರಲಿ, ಉಳಿದವು ಒಟ್ಟುಗೂಡಲಿ.

ಅಂಕಿಗಳು ಯಾವ ರೂಪದಲ್ಲಿ ಬರುತ್ತವೆ ಎಂಬುದು ಇನ್ನೊಂದು ಸೂಕ್ಷ್ಮ. ಎಲ್ಲ ಖಾತೆಗಳ ಶಿಲ್ಕಿನ ತಾಳೆಪಟ್ಟಿಯಲ್ಲಿ (ಟ್ರಯಲ್ ಬ್ಯಾಲೆನ್ಸ್) ಮಾರಾಟ ಕ್ರೆಡಿಟ್ ಬದಿಯಲ್ಲಿರುತ್ತದೆ, ಹಲವು ಜೋಡಣೆಗಳು ಅದನ್ನು ಋಣ ಚಿಹ್ನೆಯೊಂದಿಗೆ ಕಳಿಸುತ್ತವೆ. ಮುನ್ನಂದಾಜು ಮಾಡುವ ಯೋಜನಾ ತಂತ್ರಾಂಶವಾದರೋ ಆದಾಯವನ್ನು ಧನ ಸಂಖ್ಯೆಯಾಗಿ ನಿರೀಕ್ಷಿಸುವುದೇ ಹೆಚ್ಚು. ಈ ತಪ್ಪು ಮೊದಲ ದಿನವೇ ಕಣ್ಣಿಗೆ ಬೀಳುವುದರಿಂದ ಅಪಾಯ ಕಡಿಮೆ. ಅದಕ್ಕಿಂತ ಕೆಟ್ಟದ್ದು ಸಂಚಿತ ಮೊತ್ತದ ಗೊಂದಲ. ಏಪ್ರಿಲ್ ಕೊನೆಗೆ ಮಾರಾಟ ಖಾತೆಯ ಶಿಲ್ಕು 40 ಲಕ್ಷ, ಮೇ ಕೊನೆಗೆ 85 ಲಕ್ಷ ಎಂದಿದ್ದರೆ ಮೇ ತಿಂಗಳ ಮಾರಾಟ 45 ಲಕ್ಷವೇ ಹೊರತು 85 ಲಕ್ಷವಲ್ಲ. ಆದಾಯ ಮತ್ತು ಖರ್ಚಿನ ಖಾತೆಗಳಿಗೆ ತಿಂಗಳ ಚಲನೆ ಬೇಕು, ಬ್ಯಾಂಕು, ಸಾಲ, ಬಾಕಿದಾರರ ಖಾತೆಗಳಿಗೆ ತಿಂಗಳ ಕೊನೆಯ ಶಿಲ್ಕು ಬೇಕು. ವಿದೇಶಿ ಯೋಜನಾ ತಂತ್ರಾಂಶದಲ್ಲಿ ವರ್ಷ ಜನವರಿಯಿಂದ ಆರಂಭವಾಗುವಂತೆ ಇದ್ದರೆ ಮೊದಲು ಅದನ್ನು ಏಪ್ರಿಲ್‌ಗೆ ಬದಲಿಸಬೇಕು. ಇಲ್ಲದಿದ್ದರೆ ಏಪ್ರಿಲ್ 1ರಂದು ಪುಸ್ತಕದಲ್ಲಿ ಆದಾಯ, ಖರ್ಚಿನ ಖಾತೆಗಳು ಸೊನ್ನೆಯಿಂದ ಶುರುವಾದಾಗ ಯೋಜನೆಯ ಕಡೆ ಆ ತಿಂಗಳಲ್ಲಿ ದೊಡ್ಡದೊಂದು ಋಣ ಸಂಖ್ಯೆ ಬಂದು ಕೂರುತ್ತದೆ.

ನಮ್ಮ ದೇಶದ ಮಟ್ಟಿಗೆ ಅತ್ಯಂತ ಗಮನ ಬೇಡುವ ವಿಷಯವೆಂದರೆ ಜಿಎಸ್‌ಟಿ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಈ ತೆರಿಗೆ ಕಂಪನಿಯ ಆದಾಯವಲ್ಲ, ಹಾಗಾಗಿ ಲಾಭ-ನಷ್ಟದ ಮುನ್ನಂದಾಜಿಗೆ ಅದು ಸೇರಬಾರದು. ಬಿಲ್ಲಿನ ಒಟ್ಟು ಮೊತ್ತವನ್ನೇ ಮಾರಾಟವೆಂದು ಎಳೆದುಕೊಂಡರೆ ಶೇ 18ರ ದರದಲ್ಲಿ ನೂರರ ಮಾರಾಟ ನೂರಹದಿನೆಂಟಾಗಿ ಕಾಣುತ್ತದೆ. ಆದರೆ ನಗದಿನ ಮುನ್ನಂದಾಜಿನಿಂದ ಅದನ್ನು ಬಿಡುವಂತೆಯೇ ಇಲ್ಲ. ತಿಂಗಳ ರಿಟರ್ನ್ ಸಲ್ಲಿಸುವ ಕಾರ್ಖಾನೆಯೊಂದು ಏಪ್ರಿಲ್ 25ರಂದು 10 ಲಕ್ಷದ ಮಾಲನ್ನು ಶೇ 18ರ ದರದಲ್ಲಿ ಮಾರಿತು ಎನ್ನೋಣ. ಬಿಲ್ಲು 11.80 ಲಕ್ಷ. ಗ್ರಾಹಕ ಅರವತ್ತು ದಿನಕ್ಕೆ, ಅಂದರೆ ಜೂನ್ ಕೊನೆಯ ವಾರಕ್ಕೆ ಹಣ ಕೊಡುತ್ತಾನೆ. ಜಿಎಸ್‌ಟಿಆರ್-3ಬಿ ಎಂಬ ಆ ತಿಂಗಳ ರಿಟರ್ನ್ ಸಲ್ಲಿಸಬೇಕಾದ್ದು ಮೇ 20ಕ್ಕೆ. ಖರೀದಿಯ ಮೇಲಿನ ತೆರಿಗೆಯನ್ನು ಕಳೆದು ಉಳಿದದ್ದನ್ನು ಕೈಗೆ ಹಣ ಬರುವ ಒಂದು ತಿಂಗಳ ಮೊದಲೇ ಕಟ್ಟಬೇಕಾಗುತ್ತದೆ. ಮಾರಾಟ ಏರುತ್ತಿರುವ ಕಾರ್ಖಾನೆಯಲ್ಲಿ, ಲಾಭ ಕಾಣುತ್ತಿದ್ದರೂ 20ನೇ ತಾರೀಖು ಬಂತೆಂದರೆ ಓವರ್‌ಡ್ರಾಫ್ಟ್ ಮಿತಿ ಮುಟ್ಟುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ತೆರಿಗೆ ಖಾತೆಗಳ ಶಿಲ್ಕನ್ನೂ ಪ್ರತಿ ಬಿಲ್ಲಿನ ವಾಯಿದೆ ದಿನಾಂಕವನ್ನೂ ಜೋಡಣೆ ಹೊತ್ತು ತರಬೇಕು. ಬರೀ ತಾಳೆಪಟ್ಟಿ ತಂದರೆ ನಗದಿನ ಚಿತ್ರ ಸಿಗುವುದಿಲ್ಲ.

ಪೂರೈಕೆದಾರರ ಕಡೆಯೂ ಇಂಥದೇ ಮಾತಿದೆ. ಯೋಜನಾ ತಂತ್ರಾಂಶದಲ್ಲಿ ಪಾವತಿಯ ಅವಧಿಯನ್ನು 45ರಿಂದ 90 ದಿನಕ್ಕೆ ಬದಲಿಸಿದರೆ ಸಾಕು, ಬ್ಯಾಂಕ್ ಶಿಲ್ಕು ಕೂಡಲೇ ಸುಧಾರಿಸಿದಂತೆ ತೋರುತ್ತದೆ. ಆದರೆ ಪೂರೈಕೆದಾರರು ನೋಂದಾಯಿತ ಸಣ್ಣ ಅಥವಾ ಅತಿ ಸಣ್ಣ ಉದ್ಯಮದವರಾಗಿದ್ದು ಸರಕನ್ನು ತಾವೇ ತಯಾರಿಸುವವರಾಗಿದ್ದರೆ, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದ ಪ್ರಕಾರ, ಈ ಅವಧಿ ಮೀರಿ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸಲಾಗದು. ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ತೋರಿಸಬಹುದು. ಆದ್ದರಿಂದ ಪೂರೈಕೆದಾರರ ಪಟ್ಟಿಯಲ್ಲಿ ಸಣ್ಣ ಉದ್ಯಮ ಎಂಬ ಗುರುತು ಪುಸ್ತಕದಲ್ಲಿಯೇ ಇರಬೇಕು ಮತ್ತು ಅದು ಯೋಜನೆಯ ಕಡೆಗೂ ಬರಬೇಕು. ಆ ಗುರುತಿದ್ದವರಿಗೆ 90 ದಿನವೆಂದು ಬರೆಯಲು ಯೋಜನೆ ಅವಕಾಶವನ್ನೇ ಕೊಡಬಾರದು. ಸಣ್ಣ ಕಾರ್ಖಾನೆಯವರ ಹಣದಿಂದ ನಮ್ಮ ನಗದಿನ ಕೊರತೆ ತುಂಬಿಸುವ ಲೆಕ್ಕವನ್ನು ನಾನು ಯಾವ ಮುನ್ನಂದಾಜಿನಲ್ಲೂ ಬರೆದುಕೊಡುವುದಿಲ್ಲ.

ತಿಂಗಳು ಮುಗಿದ ಮೇಲೂ ಹಿಂದಿನ ತಾರೀಖಿಗೆ ನಮೂದುಗಳು ಬರುತ್ತವೆ. ತಡವಾಗಿ ಬಂದ ಬಿಲ್ಲು, ಸರಿಪಡಿಸಿದ ಕ್ರೆಡಿಟ್ ನೋಟ್, ಎಲ್ಲ ಸಹಜವೇ. ಹೊಸದಾಗಿ ಬಂದದ್ದನ್ನಷ್ಟೇ ಹಳೆಯದಕ್ಕೆ ಕೂಡಿಸುತ್ತ ಹೋಗುವ ಜೋಡಣೆಯಲ್ಲಿ ಒಂದು ನಮೂದು ಎರಡು ಬಾರಿ ಸೇರುವ, ಅಳಿಸಿದ್ದು ಉಳಿದುಬಿಡುವ ಸಾಧ್ಯತೆಯಿದೆ. ಆ ತಿಂಗಳ ಅಂಕಿಗಳನ್ನು ಪೂರ್ತಿ ತೆಗೆದುಹಾಕಿ ಮತ್ತೆ ಪೂರ್ತಿ ತುಂಬುವುದೇ ಸುರಕ್ಷಿತ. ಜೊತೆಗೆ ತಿಂಗಳ ಲೆಕ್ಕ ಒಪ್ಪಿದ ಮೇಲೆ ಪುಸ್ತಕದಲ್ಲಿ ಆ ಅವಧಿಗೆ ಬೀಗ ಹಾಕಬೇಕು. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿ ಬದಲಾವಣೆಯ ದಾಖಲೆಯನ್ನು ಇಡಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಲೆಕ್ಕಪರಿಶೋಧನೆಗೆಂದು ಬಂದ ಈ ದಾಖಲೆ ನಮ್ಮ ಕೆಲಸಕ್ಕೂ ಒದಗುತ್ತದೆ: ಮೇ ತಿಂಗಳ ಮೊತ್ತ ಆಗಸ್ಟ್‌ನಲ್ಲಿ ಏಕೆ ಬದಲಾಯಿತೆಂದು ಊಹಿಸುವ ಬದಲು ಅದನ್ನು ತೆರೆದು ನೋಡಬಹುದು.

ಜೋಡಣೆ ಯಾರ ಹೆಸರಿನ ಲಾಗಿನ್ ಮೇಲೆ ನಡೆಯುತ್ತಿದೆ ಎಂಬುದನ್ನೂ ಬರೆದಿಡಬೇಕು. ಝೋಹೋ ಬುಕ್ಸ್‌ನ ಎಪಿಐ ಟೋಕನ್, ಅಂದರೆ ಅಂಕಿ ಎಳೆದುಕೊಳ್ಳಲು ಕೊಡುವ ಡಿಜಿಟಲ್ ಕೀಲಿ, ಒಂದು ಗಂಟೆಯಷ್ಟೇ ಬಾಳುತ್ತದೆ, ಅದನ್ನು ಹೊಸದು ಮಾಡಿಕೊಳ್ಳುವ ಅನುಮತಿ ಒಬ್ಬ ಬಳಕೆದಾರರಿಗೆ ಸೇರಿರುತ್ತದೆ. ಅವರು ಕೆಲಸ ಬಿಟ್ಟು ಹೋಗಿ ಖಾತೆ ಮುಚ್ಚಿದರೆ ಅಂಕಿ ಬರುವುದು ನಿಲ್ಲುತ್ತದೆ. ತೆರೆಯ ಮೇಲೆ ಮಾತ್ರ ಹಿಂದಿನ ತಿಂಗಳ ಅಂಕಿಗಳು ಇಂದಿನವೆಂಬಂತೆ ಕೂತಿರುತ್ತವೆ. ಇದಕ್ಕೆಂದೇ ಪ್ರತ್ಯೇಕ ಬಳಕೆದಾರರನ್ನು ಸೃಷ್ಟಿಸಿ, ಓದುವ ಹಕ್ಕನ್ನಷ್ಟೇ ಕೊಡುವುದು ಒಳ್ಳೆಯದು.

ಪೀಣ್ಯದ ಆ ಘಟಕದಲ್ಲಿ ಈಗ ಮುನ್ನಂದಾಜಿನ ತೆರೆ ತೆರೆದರೆ ಮೇಲ್ಗಡೆ ಒಂದು ದಿನಾಂಕ ಮತ್ತು ಮೂರು ಅಂಕಿಗಳಿವೆ: ಕೊನೆಯ ಬಾರಿ ಲೆಕ್ಕ ಬಂದ ದಿನ, ಪುಸ್ತಕದ ಲಾಭ, ಇಲ್ಲಿಗೆ ಬಂದ ಲಾಭ, ಇವೆರಡರ ವ್ಯತ್ಯಾಸ. ಪ್ರತಿ ತಿಂಗಳ 8ರಂದು ಅಕೌಂಟೆಂಟ್ ಮೇಡಂ ಆ ವ್ಯತ್ಯಾಸ ಸೊನ್ನೆಯೆಂದು ನೋಡಿ ಸಹಿ ಹಾಕುತ್ತಾರೆ. ಅವರ ಸಹಿಯಾಗುವ ತನಕ ಮಾಲೀಕರು ಕೆಳಗಿನ ಸಾಲುಗಳನ್ನು ಓದುವುದಿಲ್ಲ.