‘ಶೂನ್ಯ ಮೊತ್ತ’ ಎಂದರೆ ಫಲ ಶೂನ್ಯ ಅಲ್ಲ

‘ಎರಡೂ ಕಡೆಯವರ ಮಾತುಕತೆ ಕೊನೆಗೆ ಶೂನ್ಯ ಮೊತ್ತದ ಆಟವಾಯಿತು.’ ಯಾರಿಗೂ ಏನೂ ದಕ್ಕಲಿಲ್ಲ ಎನ್ನಲು ಹೀಗೆ ಬರೆಯುವುದು ಈಗ ರೂಢಿಯೇ ಆಗಿಬಿಟ್ಟಿದೆ. ಅದಕ್ಕೆ ‘ನಿಷ್ಫಲ’ ಎಂಬ ಒಳ್ಳೆಯ ಮಾತು ಇದೆಯಲ್ಲ! ಶೂನ್ಯ ಮೊತ್ತದ ಆಟದಲ್ಲಿ (ಇಂಗ್ಲಿಷಿನ ‘ಜೀರೋ ಸಮ್ ಗೇಮ್’) ಗೆದ್ದವನ ಕಿಸೆ ತುಂಬಿಯೇ ತುಂಬುತ್ತದೆ. ಸೋತವನ ಕಿಸೆಯಿಂದ ಹೋದಷ್ಟೇ ಅಲ್ಲಿಗೆ ಬಂದಿರುತ್ತದೆ. ಕೋಳಿ ಅಂಕದ ಬದಿಯಲ್ಲಿ ಇಬ್ಬರು 500 ರೂಪಾಯಿ ಪಣ ಒಡ್ಡಿದರೆ ಒಬ್ಬನಿಗೆ +500, ಇನ್ನೊಬ್ಬನಿಗೆ −500. ಕೂಡಿದರೆ ಸೊನ್ನೆ.

ಎಡವಿಸುವುದು ‘ಶೂನ್ಯ’. ಸಂಸ್ಕೃತದ ‘ಶ್ವಿ’ ಧಾತುವಿಗೆ ಉಬ್ಬು ಎಂಬ ಅರ್ಥ. ಉಬ್ಬಿದ್ದರ ಒಳಗು ಪೊಳ್ಳು, ಆ ದಾರಿಯಲ್ಲಿ ಶೂನ್ಯ. ಅರಬ್ಬರು ಅದನ್ನು ‘ಸಿಫ್ರ್’ ಎಂದರು, ಇಟಲಿಯ ಫಿಬೊನಾಚಿ ‘ಜೆಫಿರಮ್’ ಎಂದ, ಅದು ಸವೆದು ‘ಜೀರೋ’ ಆಯಿತು. ನಮ್ಮ ಸೊನ್ನೆಯೂ ಶೂನ್ಯದ ತದ್ಭವವೇ. ಇನ್ನು ‘ಸಮ್’ ಲ್ಯಾಟಿನ್ನಿನ ‘ಸುಮ್ಮ’, ಅಂದರೆ ತುತ್ತತುದಿ: ರೋಮನ್ನರು ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಕೂಡಿ ಮೊತ್ತವನ್ನು ನೆತ್ತಿಯ ಮೇಲೆ ಬರೆಯುತ್ತಿದ್ದರು. ಕನ್ನಡದಲ್ಲಿ ಓದುವವರ ಕಣ್ಣು ‘ಶೂನ್ಯ’ಕ್ಕೇ ಸಿಕ್ಕಿಕೊಂಡು ‘ಮೊತ್ತ’ ಕೈಬಿಟ್ಟುಹೋಗುತ್ತದೆ. ಲೆಕ್ಕದ ಜೀವ ಇರುವುದು ಆ ಮೊತ್ತದಲ್ಲಿ. (ಕಾಸರಗೋಡಿನಲ್ಲಿ ‘ಆಟ’ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ, ಆ ಗೊಂದಲ ಬೇರೆ.)

ಲಾಟರಿಯನ್ನೂ ಶೂನ್ಯ ಮೊತ್ತದ ಆಟ ಎನ್ನುವವರಿದ್ದಾರೆ. ಅದು ಕೊಳ್ಳುವವರ ಮಟ್ಟಿಗೆ ಶೂನ್ಯಕ್ಕಿಂತಲೂ ಕೆಳಗೆ: ಏಜೆಂಟರ ಕಮಿಷನ್, ಸರಕಾರದ ಪಾಲು ಕಳೆದು ಉಳಿದದ್ದಷ್ಟೇ ಬಹುಮಾನ. ಟಿಕೆಟ್ ಕೊಂಡವರೆಲ್ಲರ ಲಾಭ ನಷ್ಟ ಕೂಡಿದರೆ ಬರುವುದು ಋಣ ಸಂಖ್ಯೆ.

ಅಡಿಕೆ ಚೌಕಾಸಿ ಇನ್ನೂ ಸೂಕ್ಷ್ಮ. ಕೃಷಿಕ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕಿಲೋಗೆ 400 ರೂಪಾಯಿಗಿಂತ ಕೆಳಗೆ ಕೊಡುವುದಿಲ್ಲ, ವ್ಯಾಪಾರಿ 430 ದಾಟುವುದಿಲ್ಲ ಎಂದುಕೊಳ್ಳಿ. 410ಕ್ಕೆ ಮುಗಿದರೆ ಕೃಷಿಕನಿಗೆ 10 ರೂಪಾಯಿ ಲಾಭ, ವ್ಯಾಪಾರಿಗೆ 20. 425ಕ್ಕಾದರೆ 25 ಮತ್ತು 5. ಮೊತ್ತ ಯಾವಾಗಲೂ 30. ಸೊನ್ನೆಯಲ್ಲದಿದ್ದರೂ ಸ್ಥಿರ; ಒಬ್ಬನಿಗೆ ಹೆಚ್ಚಿದಷ್ಟೇ ಇನ್ನೊಬ್ಬನಿಗೆ ಕಡಿಮೆ, ಹಾಗಾಗಿ ತಂತ್ರದ ಮಟ್ಟಿಗೆ ಸ್ಥಿರ ಮೊತ್ತವೂ ಶೂನ್ಯ ಮೊತ್ತವೂ ಒಂದೇ. ಆದರೆ ಹಟ ಬೆಳೆದು ವ್ಯಾಪಾರವೇ ಮುರಿದರೆ ಇಬ್ಬರಿಗೂ 0, ಮೊತ್ತವೂ 0. ಎದ್ದುಹೋಗುವ ದಾರಿ ಸೇರಿತೋ, ಆ ಆಟ ಶೂನ್ಯ ಮೊತ್ತದ್ದಲ್ಲ. ಮುರಿದುಬಿದ್ದ ಮಾತುಕತೆಗೆ ಈ ಪದ ಒಗ್ಗದಿರುವುದು ಇದಕ್ಕೇ.

ಅಂದರೆ ಪರೀಕ್ಷೆ ಇಷ್ಟು: ಒಂದು ಫಲಿತಾಂಶ ನೋಡಿ ತೀರ್ಮಾನಿಸಬೇಡಿ, ಆಗಬಹುದಾದ ಎಲ್ಲವನ್ನೂ ಕೋಷ್ಟಕದಲ್ಲಿ ಬರೆದು ಅದರ ಪ್ರತಿ ಮನೆಯ ಮೊತ್ತ ನೋಡಿ. ಎಲ್ಲ ಮನೆಗಳಲ್ಲೂ ಅದು ಒಂದೇ ಆದರೆ ಮಾತ್ರ ಶೂನ್ಯ ಮೊತ್ತದ ಲೆಕ್ಕ.

ಇಂಥ ಆಟಗಳ ಗಣಿತದಲ್ಲಿ, 1928ರಲ್ಲಿ ಗಣಿತಜ್ಞ ಜಾನ್ ವಾನ್ ನಾಯ್ಮನ್ ಸಾಧಿಸಿದ ಪ್ರಮೇಯ ಇಬ್ಬರ ಶೂನ್ಯ ಮೊತ್ತದ ಆಟದ್ದು. ಆ ಬೇಲಿ ದಾಟಿದ ಆಟಗಳಿಗೂ 1950ರಲ್ಲಿ ಗಣಿತಜ್ಞ ಜಾನ್ ನ್ಯಾಶ್ ಸಮತೋಲನ ತೋರಿಸಿದ, ಅಂದರೆ ಯಾರೂ ತಾನೊಬ್ಬನೇ ನಡೆ ಬದಲಿಸಿ ಹೆಚ್ಚು ಗಳಿಸಲಾಗದ ಸ್ಥಿತಿ. ಅರ್ಥಶಾಸ್ತ್ರಕ್ಕೆ ಹೆಚ್ಚು ಬೇಕಾದದ್ದು ಇದೇ. 1973ರಲ್ಲಿ ಜೀವವಿಜ್ಞಾನಿ ಮೇನಾರ್ಡ್ ಸ್ಮಿತ್ ಮತ್ತು ಜೊತೆಗಾರ ಪ್ರೈಸ್ ಪ್ರಾಣಿಗಳ ಕಾದಾಟಕ್ಕೂ ಈ ಬಗೆಯ ಲೆಕ್ಕ ಹಚ್ಚಿದರು.

ಶೂನ್ಯ ಮೊತ್ತ ಅಲ್ಲ ಎಂದ ಕೂಡಲೇ ‘ಹಾಗಾದರೆ ಇಬ್ಬರಿಗೂ ಲಾಭ’ ಎನ್ನುವುದು ಎರಡನೆಯ ತಪ್ಪು. ಕಾಸರಗೋಡಿನ ಎಣ್ಮಕಜೆ, ಪೈವಳಿಕೆ ಕಡೆಯ ಗುಡ್ಡಗಳಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲ) ನೀರು ನಂಬಿದ ತೋಟಗಳಿವೆ. ನೆರೆಹೊರೆಯ ಇಬ್ಬರೂ ಅದರಲ್ಲೇ ಸುಧಾರಿಸಿಕೊಂಡರೆ ತಲಾ 3 ಅಂಕ ಎನ್ನೋಣ. ಒಬ್ಬ ಮಾತ್ರ ಬೋರ್‌ವೆಲ್ ಕೊರೆಸಿದರೆ ಅವನಿಗೆ 4, ಸುರಂಗ ಬತ್ತಿದವನಿಗೆ 1. ಇಬ್ಬರೂ ಕೊರೆಸಿದರೆ ತಲಾ 2. ಮೊತ್ತ 6, 5, 4. ಪಕ್ಕದವನು ಏನೇ ಮಾಡಲಿ, ಕೊರೆಸುವುದೇ ತನಗೆ ಮೇಲು (3ಕ್ಕಿಂತ 4, 1ಕ್ಕಿಂತ 2) ಎಂದು ಇಬ್ಬರೂ ಯಂತ್ರ ತರಿಸಿ 2ಕ್ಕೆ ಇಳಿಯುತ್ತಾರೆ. ನ್ಯಾಶ್ ಹೇಳಿದ ಸಮತೋಲನ ಇದೇ, ಇಬ್ಬರಿಗೂ ನಷ್ಟದ್ದು.

ಆಟಗಾರರು ಯಾರೆಂದು ಹೇಳದೆ ಮೊತ್ತ ಹೇಳಲೂ ಬಾರದು. ಕನ್ನಡ ಶಾಲೆಯ ಒಂದು ಅಧ್ಯಾಪಕ ಹುದ್ದೆಗೆ ಇಬ್ಬರು ಅಭ್ಯರ್ಥಿಗಳು. ಒಬ್ಬರಿಗೆ ಸಿಕ್ಕಿದರೆ ಇನ್ನೊಬ್ಬರಿಗಿಲ್ಲ. ಅವರಿಬ್ಬರನ್ನೇ ಎಣಿಸಿದರೆ ಮೊತ್ತ ಸ್ಥಿರ. ಆದರೆ ಹುದ್ದೆ ಕನ್ನಡ ಬಾರದವರಿಗೆ ಹೋದರೆ ಬೆಂಚಿನಲ್ಲಿ ಕೂತ ಮಕ್ಕಳ ನಷ್ಟಕ್ಕೆ ಆ ಕೋಷ್ಟಕದಲ್ಲಿ ಮನೆಯೇ ಇಲ್ಲ.