ಗುಂಡಿನ ಮೂತಿ ಬಿಡಿ, ತಳ ನೋಡಿ

ಅಮೆರಿಕದ ವರ್ಜೀನಿಯಾದ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರಿಗೆ 1861–65ರ ಅಂತರ್ಯುದ್ಧದ ಸೀಸದ ಗುಂಡುಗಳು ಈಗಲೂ ಸಿಗುತ್ತವೆ. ಸಿಕ್ಕ ಕೂಡಲೇ ಮೂತಿ ನೋಡುವವರೇ ಹೆಚ್ಚು. ತಿರುಗಿಸಿ ತಳ ನೋಡಿ.

ತಳದಲ್ಲಿ ಶಂಕುವಿನಂಥ ಕುಳಿ, ಮೈಸುತ್ತ ಮೂರು ಗೀರು, ಬುಡದ ವ್ಯಾಸ ಸುಮಾರು 14.6 ಮಿ.ಮೀ., ತೂಕ 32 ಗ್ರಾಂ ಆಸುಪಾಸು ಇದ್ದರೆ ಅದು .58 ಕ್ಯಾಲಿಬರ್‌ನ (ಅಂದರೆ ನಳಿಗೆಯ ಒಳವ್ಯಾಸ 0.58 ಇಂಚು) ಮಿನಿಯೇ ಗುಂಡು. ಅದನ್ನು ಹಾರಿಸುವ ಕೋವಿಗಳಿಗೆ ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬಬೇಕಿತ್ತು. ಮಸಿ ಕಟ್ಟಿದ ನಳಿಗೆಯಲ್ಲೂ ಸಲೀಸಾಗಿ ಇಳಿಯಲೆಂದು ಗುಂಡನ್ನು ತುಸು ಸಣ್ಣದಾಗಿ ಎರೆಯುತ್ತಿದ್ದರು. ಮದ್ದು ಹೊತ್ತಿದಾಗ ಕುಳಿಯ ತೆಳು ಅಂಚು ಅರಳಿ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಕಚ್ಚಿಕೊಳ್ಳುತ್ತಿತ್ತು.

ಕುಳಿಯಿದ್ದೂ ಮೈ ನುಣುಪಾಗಿದ್ದು, ವ್ಯಾಸ 14 ಮಿ.ಮೀ. ಚಿಲ್ಲರೆ ಬಂದರೆ ಅದು ಬ್ರಿಟಿಷ್ ಎನ್‌ಫೀಲ್ಡ್ ಕೋವಿಯ ಮಾದರಿ. (ನಮ್ಮ 1857ರ ದಂಗೆಗೆ ಕಿಡಿಯಾದ ಕೊಬ್ಬು ಸವರಿದ ತೋಟಾ ಈ ಕೋವಿಯದೇ.) ಉತ್ತರ, ದಕ್ಷಿಣ ಎರಡೂ ಸೇನೆಗಳು ಎನ್‌ಫೀಲ್ಡ್ ತರಿಸಿಕೊಂಡಿದ್ದವು, ಒಂದು ಗುಂಡು ಸಿಕ್ಕಿತೆಂದು ಅಲ್ಲಿ ದಕ್ಷಿಣದವರಿದ್ದರು ಎನ್ನಲಾಗದು. ತಳ ಕುಳಿಯಿಲ್ಲದೆ ಗಟ್ಟಿಯಾಗಿದ್ದರೆ ಶಾರ್ಪ್ಸ್‌ನಂಥ ಹಿಂಬದಿಯಿಂದ ತುಂಬುವ ಕಾರ್ಬೈನ್ (ಗಿಡ್ಡ ಕೋವಿ) ಅಥವಾ ರಿವಾಲ್ವರ್ ಕಡೆ ಯೋಚಿಸಿ. ಅಲ್ಲಿ ತಳ ಅರಳುವ ಅಗತ್ಯವೇ ಇರಲಿಲ್ಲ.

ಹಾರಿದ್ದೋ ಜಾರಿ ಬಿದ್ದದ್ದೋ? ಹಾರಿದ್ದರೆ ಬುಡದ ಅಂಚಿನ ಮೇಲೆ ನಳಿಗೆಯ ಓರೆ ಅಚ್ಚು ಇರುತ್ತದೆ. ಭೂತಗನ್ನಡಿ ಹಿಡಿದು, ಬೆಳಕನ್ನು ಪಕ್ಕದಿಂದ ಬಿಡಿ. ಮೂತಿಯಲ್ಲಿ ಸ್ಕ್ರೂ ತಿರುವಿದ ತೂತಿದ್ದರೆ, ಹಾರಿಸದ ಗುಂಡನ್ನು ಯಾರೋ ನಳಿಗೆಯಿಂದ ಕಿತ್ತು ತೆಗೆದಿದ್ದಾರೆ. ಹಲ್ಲಿನ ಗುರುತು ಕಂಡರೆ, ಅಂಗಛೇದನದ ವೇಳೆ ಸೈನಿಕ ಕಚ್ಚಿದ್ದು ಎಂದು ಮಾರುವವರುಂಟು. ಆಳವಾಗಿ ಜಗಿದಿದ್ದರೆ ಸಾಮಾನ್ಯವಾಗಿ ಅದು ಹಂದಿಯ ಕೆಲಸ.

ಚಪ್ಪಟೆಯಾದ ಗುಂಡಿಗೆ ವ್ಯಾಸ ಅಳೆಯುವ ಕ್ಯಾಲಿಪರ್ ಹಿಡಿದರೆ ಮೋಸ ಹೋಗುತ್ತೀರಿ. ಚೂರು ಒಡೆದುಹೋಗದಿದ್ದರೆ ತೂಕ ಮಾತ್ರ ಬದಲಾಗಿರುವುದಿಲ್ಲ. ದುಂಡು ಗುಂಡಾದರೆ ಗ್ರಾಂ ತೂಕದ ಘನಮೂಲವನ್ನು 5.67ರಿಂದ ಗುಣಿಸಿ, ಮೂಲ ವ್ಯಾಸ ಮಿ.ಮೀ.ನಲ್ಲಿ ಬರುತ್ತದೆ. 25 ಗ್ರಾಂ ತೂಗಿದರೆ 2.92 × 5.67, ಅಂದರೆ ಸುಮಾರು 16.6. ಇದು 17.5 ಮಿ.ಮೀ. ನಳಿಗೆಯ, ಅಂದರೆ .69 ಕ್ಯಾಲಿಬರ್ ಮಸ್ಕೆಟ್‌ಗೆ ಒಪ್ಪುವ ಅಳತೆ. ಮಿಕ್ಕ ಒಂದು ಮಿ.ಮೀ. ತುರುಕಲು ಬಿಟ್ಟ ಸಡಿಲ.

ಬಿಳಿ ಪೊರೆಯನ್ನು ಉಜ್ಜಬೇಡಿ. ಸೀಸ ಮಣ್ಣಲ್ಲಿ ಮಾಗಿ ಕಟ್ಟಿಕೊಂಡ ಅದು ಒಳಗಿನ ಲೋಹವನ್ನು ಕಾಯುತ್ತದೆ. ನೀರು, ಮೆತ್ತನೆಯ ಬ್ರಷ್ ಸಾಕು. ವಿನೆಗರ್ ಸೀಸವನ್ನೇ ತಿನ್ನುತ್ತದೆ, ಓಕ್ ಮರದ ಪೆಟ್ಟಿಗೆಯ ಆಮ್ಲದ ಆವಿಯೂ ಅಷ್ಟೇ. ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ರಾಷ್ಟ್ರೀಯ ಉದ್ಯಾನಗಳಾಗಿರುವ ರಣರಂಗಗಳಲ್ಲಿ ಅಗೆಯುವುದಿರಲಿ, ಡಿಟೆಕ್ಟರನ್ನು ಬಿಚ್ಚಿ ಕಟ್ಟಿಡದೆ ಒಯ್ಯುವುದೂ ಅಪರಾಧ.